ಎಣಿಕೆ ನಿಂತ ಹೊತ್ತು

ಟೈಟಸ್‌ವಿಲ್‌ನಲ್ಲಿ ಈ ಸಂಜೆ ಎಲ್ಲ ಕುರ್ಚಿಗೂ ಪೂರ್ವದಿಕ್ಕು.
ಸೇತುವೆಯ ಮೇಲೆ ಮಡಚುವ ಕುರ್ಚಿ,
ದೋಣಿಕಟ್ಟೆಯಲ್ಲಿ ಐಸ್‌ಪೆಟ್ಟಿಗೆಯೇ ಕುರ್ಚಿ,
ನಮ್ಮ ಡಯಾಲಿಸಿಸ್ ಕೋಣೆಯ ಹನ್ನೆರಡು ಮಾತ್ರ
ನೀರಿನ ನಳಕ್ಕೆ ಕಟ್ಟುಬಿದ್ದು
ಕಿಟಕಿಗೆ ಬೆನ್ನು ಹಾಕಿ ಕೂತಿವೆ.

ಏಳನೆಯದರಲ್ಲಿ ವೆಂಡೆಲ್ ಪ್ರೂಯಿಟ್.
ಮೂವತ್ತೊಂದು ವರ್ಷ ಉಡಾವಣೆಯ ಕಟ್ಟೆಯಲ್ಲಿ
ಕೊಳವೆಗಳಿಗೆ ಬೆಸುಗೆ ಹಾಕಿದವನು.
ಈಗ ಎರಡು ಕೊಳವೆ ಅವನ ಎಡತೋಳಿಗೇ,
ಒಂದು ಒಯ್ಯಲು, ಒಂದು ತರಲು.
'ಬೆಸುಗೆ ಪರವಾಗಿಲ್ಲ' ಅನ್ನುತ್ತಾನೆ
ನಾನು ಅಂಟಿಸಿದ ಟೇಪು ತಟ್ಟಿ.

ಇವತ್ತಿನದು ಭಾರಿ ರಾಕೆಟ್ಟು, ಮೂರು ಮೈ, ಒಂದೇ ಸೊಂಟ.
'ಒಳಗೇನಿದೆ?' ಕೇಳಿದೆ.
'ಎರಡು. ಒಂದು ಮಾತಿಗೆ, ಒಂದು ಮೋಡಕ್ಕೆ.'

ಆರೂ ನಲವತ್ತಕ್ಕೆ ಎಣಿಕೆ ನಿಂತಿತು.
ಲಗೂನಿನ ಮೇಲೆ ಕಮ್ಮಾರನ ಅಡಿಗಲ್ಲಿನಂಥ ಒಂದು ಮೋಡ.
ಮೋಡ ಕಾಯಲು ಹೊರಟವನಿಗೆ
ಹೊಸ್ತಿಲಲ್ಲೇ ಮೋಡ ಅಡ್ಡ!
ವೆಂಡೆಲ್ ನಕ್ಕ, ನಕ್ಕದ್ದಕ್ಕೆ ತೋಳು ಅಲುಗಿ
ಯಂತ್ರ ಕಿರುಚಿತು.
ಗುಂಡಿ ಒತ್ತಿ ಸುಮ್ಮನಾಗಿಸಿದೆ.

'ಆ ವರ್ಷ ಬಿರುಗಾಳಿ ಪಕ್ಕಕ್ಕೆ ಸರಿಯುತ್ತೆ ಅಂದಿದ್ದರು.'
ಹೇಳಿದ್ದು ನನಗಲ್ಲ, ಚಾವಣಿಗೆ.
'ಲೊರೀನ್ ಒಣಹಾಕಿದ ಬಟ್ಟೆಯನ್ನೂ ತೆಗೆದಿರಲಿಲ್ಲ.
ತಗಡಿನ ಶೆಡ್ಡು ಮೂರನೇ ದಿನ ಸಿಕ್ಕಿತು, ಮ್ಯಾಂಗ್ರೋವಿನಲ್ಲಿ.
ಕ್ಲಿಪ್ಪು ಮಾತ್ರ ಹಗ್ಗದಲ್ಲೇ ಇದ್ದವು,
ಒಂದೂ ಬಿದ್ದಿರಲಿಲ್ಲ.'
ಲೊರೀನ್ ಸಿಕ್ಕಳೇ, ನಾನು ಕೇಳಲಿಲ್ಲ.
ಅವನ ಫೈಲಿನಲ್ಲಿ
'ತುರ್ತಿಗೆ ಯಾರನ್ನು ಕರೆಯಬೇಕು' ಎಂಬಲ್ಲಿ
ಆ ಹೆಸರು ಇವತ್ತೂ ಇದೆ,
ಫೋನ್ ನಂಬರಿನ ಸಮೇತ.

ಏಳೂ ಇಪ್ಪತ್ತು. ಮೋಡ ಸರಿಯಿತು,
ಅವನ ನಾಲ್ಕು ಗಂಟೆಯೂ ಮುಗಿಯಿತು.
ಅಲ್ಲಿ ಎಣಿಕೆ ಮತ್ತೆ ಶುರುವಾದಾಗ
ಇಲ್ಲಿ ನಾನು ಸೂಜಿ ಕಿತ್ತು
ಗಾಜು ಬಟ್ಟೆ ಒತ್ತಿ ಹಿಡಿದಿದ್ದೆ.
ಹತ್ತು ನಿಮಿಷ ಬೆರಳು ತೆಗೆಯುವಂತಿಲ್ಲ.
ಎಲ್ಲರೂ ಹೊರಗೋಡಿದರು, ಅಡುಗೆಯ ಟೆರೀಸಾ ಕೂಡ
ಒಂದು ಕೈಗೆ ಮಾತ್ರ ಗ್ಲೌಸು ಉಳಿದು.

ನಾನು ಎಣಿಸಿದೆ, ನಮ್ಮ ಕಣದ ಲೆಕ್ಕದಲ್ಲಿ:
ಲಾಭ, ಎರಡು, ಮೂರು...
'ಅದೇನು ಮೊದಲನೆಯದು?'
'ರಾಶಿ ಅಳೆಯುವಾಗ ಒಂದು ಅನ್ನುವುದಿಲ್ಲ, ಲಾಭ ಅಂತೀವಿ.'
'ಸೊನ್ನೆಗೆ?'
'ಸೊನ್ನೆಯನ್ನು ಯಾರು ಅಳೀತಾರೆ!'
'ನಾವು' ಅಂದ.

ಮೊದಲು ಬೆಳಕು. ಸ್ಟೀಲಿನ ತಟ್ಟೆಯೊಳಗೆ
ಕಿತ್ತಳೆ ಹೋಳಿನಷ್ಟು, ಆಮೇಲೆ ತಟ್ಟೆ ತುಂಬ.
ಗೋಡೆಯ ಮೇಲೆ ಸಲೈನ್ ಚೀಲಗಳ ನೆರಳು
ಬಾವಿಹಗ್ಗದ ಹಾಗೆ ಕೆಳಗಿಳಿದವು.
ಸದ್ದಿಲ್ಲ.
ಒಂದು ಇಡೀ ನಿಮಿಷ ಸದ್ದಿಲ್ಲ.
ಹೊರಟವರು ಹೊರಟ ಮೇಲೆ
ಸುದ್ದಿ ನಿಧಾನ ಬರುತ್ತದಲ್ಲ, ಹಾಗೆ.

ಬಂತು. ಕಿಟಕಿಗೆ, ತಟ್ಟೆಗೆ, ಹಲ್ಲಿನ ಬೇರಿಗೆ.
ನನ್ನ ಬೆರಳಡಿ ಅವನ ರಕ್ತನಾಳ
ಯಾವಾಗಲೂ ದುಂಬಿಯಂತೆ ಗುಂಯ್‌ಗುಡುವುದು,
ಯಾವ ನಡುಕ ಆಕಾಶದ್ದು, ಯಾವುದು ತೋಳಿನದು
ಹೇಳಲಾರೆ.
ಕಣ್ಣು ಮುಚ್ಚಿಯೇ ಹೇಳುತ್ತಿದ್ದ:
'ಪಕ್ಕದವೆರಡೂ ಕಳಚಿರುತ್ತವೆ ಈಗ...
ಮುಂದಕ್ಕೆ ಒಂದೇ.'

ರಕ್ತ ನಿಂತಿತು. ತಕ್ಕಡಿ ಹತ್ತಿಸಿದೆ:
ಎರಡು ಕಿಲೋ ಏಳುನೂರು ಗ್ರಾಂ ಇಳಿದಿದ್ದ.
'ಇನ್ನೊಂದಿಷ್ಟು ಇಳಿದರೆ ನಾನೂ ಏಳಬಹುದು.'
ಗುರುವಾರ ಮಳೆಯುಂಟೇ ಅಂದೆ, ಮಾತಿಗೆ.
'ಅದನ್ನೀಗಲೇ ಕೇಳಬೇಡ, ಕಣ್ಣು ಬಿಡಲು ತಿಂಗಳುಗಳು ಬೇಕು.
ಆಮೇಲೆ ರೆಪ್ಪೆ ಹಾಕುವುದಿಲ್ಲ.'

ಹೊರಗೆ ಅದೇ ಮೋಡ ಹಿಂತಿರುಗಿ
ದಪ್ಪ ಹನಿ ಉದುರಿಸುತ್ತಿತ್ತು.
ವ್ಯಾನಿನ ಹುಡುಗ ಕೊಡೆ ಬಿಚ್ಚಿದ.
ವೆಂಡೆಲ್ ಬ್ಯಾಂಡೇಜಿನ ತೋಳನ್ನಷ್ಟೇ
ಕೊಡೆಯೊಳಗಿಟ್ಟು,
ಉಳಿದವನು ನೆನೆಯುತ್ತ ನಡೆದ.